ಜಪಾನ್ ನೋಡದವಳು ಜಪಾನಿ ಸಿನಿಮಾ ಬಗ್ಗೆ ಬರೆಯಬಾರದೇ?

ಪ್ರಶ್ನೆ: ನಾನು ದಾವಣಗೆರೆಯವಳು, ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಮೊಬೈಲಿನಲ್ಲಿ ಜಪಾನಿ ಧಾರಾವಾಹಿ, ಸಿನಿಮಾ ನೋಡುತ್ತೇನೆ. ಊರಿನ ಮಾಸಪತ್ರಿಕೆಯೊಂದಕ್ಕೆ ಅವುಗಳ ವಿಮರ್ಶೆಯನ್ನೂ ಬರೆಯುತ್ತಿದ್ದೆ. ಈಚೆಗೆ ನೆಂಟರ ಮದುವೆಯಲ್ಲಿ, ನಗೋಯಾದಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದ ನನ್ನ ಮೈದುನ ಊಟದ ಪಂಕ್ತಿಯಲ್ಲೇ, "ಅತ್ತಿಗೆ, ನಿಮಗೆ ಜಪಾನಿ ಒಂದಕ್ಷರ ಬರಲ್ಲ, ಆ ದೇಶ ಕಂಡಿಲ್ಲ. ಕೆಳಗೆ ಬರೋ ಸಬ್‌ಟೈಟಲ್ ಓದ್ಕೊಂಡು ವಿಮರ್ಶೆ ಬರೀತೀರಲ್ಲ!" ಎಂದ. ಎಲ್ಲರೂ ನಕ್ಕರು. ಅಂದಿನಿಂದ ಬರೆಯಲು ಕೂತರೆ ಕೈಯೇ ಓಡುತ್ತಿಲ್ಲ. ನಮ್ಮವರು "ಅದರಲ್ಲಿ ಏನೂ ನಡೆಯೋದೇ ಇಲ್ಲ, ಬಿಟ್ಹಾಕು" ಅಂತಾರೆ. ಜಪಾನಿ ಕಲಿಯುವವರೆಗೆ ಬರೆಯುವುದನ್ನು ನಿಲ್ಲಿಸಲೇ?

— ಹೆಸರು ಬೇಡ

ಉತ್ತರ: ನಿಲ್ಲಿಸಬೇಡಿ. ನಾಲ್ಕು ಜನರ ಮುಂದೆ ಅತ್ತಿಗೆಯನ್ನು ಹಾಗೆ ಹಂಗಿಸಿದ್ದು ತಪ್ಪು, ನಿಮಗೆ ನೋವಾದದ್ದು ಸಹಜ. ಆದರೆ ಅವರು ಹೇಳಿದ ರೀತಿಯನ್ನು ಬದಿಗಿಟ್ಟು, ಹೇಳಿದ ಮಾತನ್ನಷ್ಟೇ ಕೈಗೆತ್ತಿಕೊಳ್ಳೋಣ. ಅದರಲ್ಲಿ ಅರ್ಧ ನಿಜವಿದೆ. ಆ ಅರ್ಧ ಯಾವುದೆಂದು ತಿಳಿದರೆ ನಿಮ್ಮ ಬರವಣಿಗೆಗೇ ಲಾಭ.

ಪತ್ರದ ಜೊತೆ ನೀವು ಕಳಿಸಿದ ವಿಮರ್ಶೆಗಳನ್ನು ಓದಿದೆ. ಹಿರೊಕಾಜು ಕೊರೆ-ಎಡ ಅವರ 'ಸ್ಟಿಲ್ ವಾಕಿಂಗ್' (2008) ಬಗ್ಗೆ ಬರೆಯುತ್ತಾ, ನೋವನ್ನು ಹೊರಗೆ ತೋರದಿರುವುದೇ ಜಪಾನಿಯರ ಸಂಸ್ಕೃತಿ ಎಂದಿದ್ದೀರಿ. ಮೈದುನನ ಮಾತು ನಿಜಕ್ಕೂ ತಾಗುವುದು ಈ ಸಾಲಿಗೆ. ಹನ್ನೆರಡು ಕೋಟಿ ಜನರ ಬಗ್ಗೆ ಹೇಳಲು ಒಂದು ಕುಟುಂಬದ ಕಥೆ ಸಾಲದು. ಅದಿರಲಿ, ಆ ಸಿನಿಮಾವೇ ನಿಮ್ಮ ಮಾತನ್ನು ಒಪ್ಪುವುದಿಲ್ಲ.

ಇನ್ನೊಮ್ಮೆ ನೆನಪಿಸಿಕೊಳ್ಳಿ. ನೀರಿನಲ್ಲಿ ಮುಳುಗುತ್ತಿದ್ದ ಹುಡುಗನನ್ನು ಉಳಿಸಲು ಹೋಗಿ ಹಿರಿಮಗ ಸತ್ತಿದ್ದಾನೆ. ಅವನು ತೀರಿಕೊಂಡ ದಿನದಂದು ಪ್ರತಿವರ್ಷ ಕುಟುಂಬ ಸೇರುತ್ತದೆ; ಬದುಕಿ ಉಳಿದ ಆ ಹುಡುಗನನ್ನೂ ಕರೆಯುತ್ತಾರೆ. ಈಗ ಅವನು ದಪ್ಪಗೆ ಬೆಳೆದು, ಬೆವರುತ್ತಾ, ಮಂಡಿಯೂರಿ ಕೂರಲು ಒದ್ದಾಡುತ್ತಾನೆ. ಇನ್ನಾದರೂ ಅವನನ್ನು ಕರೆಯುವುದು ಬಿಡೋಣ ಎಂದು ಕಿರಿಮಗ ಹೇಳಿದಾಗ ತಾಯಿ ಕೊಡುವ ಉತ್ತರ ಕೇಳಿದಿರಲ್ಲ? ಅವನೂ ನರಳಲಿ, ಮರೆಯದಿರಲಿ ಎಂದೇ ಕರೆಯುತ್ತೇನೆ ಎನ್ನುತ್ತಾಳೆ ಆಕೆ. ತಾಯಿಯ ಪಾತ್ರದ ಕಿರಿನ್ ಕಿಕಿ ಆ ಮಾತನ್ನು ದನಿ ಏರಿಸದೆ ಆಡುತ್ತಾರೆ. ಅದೇ ದಿನ ಮುಂಚೆ ಇದೇ ತಾಯಿ ಮಕ್ಕಳು ಮೊಮ್ಮಕ್ಕಳಿಗೆಂದು ಜೋಳದ ಕಾಳು ಬಿಡಿಸಿ ಎಣ್ಣೆಯಲ್ಲಿ ಕರಿಯುತ್ತಿದ್ದಳು. ಮುಂದೆ, ಮನೆಯೊಳಗೆ ಬಂದ ಹಳದಿ ಚಿಟ್ಟೆಯನ್ನು ಸತ್ತ ಮಗನೇ ಎಂದು ಹಿಡಿಯಲು ಹೋಗುತ್ತಾಳೆ. ಆಕೆ ನೋವನ್ನು ಬಚ್ಚಿಡುತ್ತಿಲ್ಲ. ವರ್ಷಕ್ಕೊಮ್ಮೆ ಊಟಕ್ಕೆ ಕರೆದು ಇನ್ನೊಬ್ಬರಿಗೆ ಬಡಿಸುತ್ತಿದ್ದಾಳೆ.

ಇಷ್ಟನ್ನು ಬರೆಯಲು ಟೋಕಿಯೊಗೆ ಟಿಕೆಟ್ ಬೇಕಿಲ್ಲ. ಎರಡನೇ ಸಲ ಗಮನವಿಟ್ಟು ನೋಡಿದರೆ ಸಾಕು. ನಿಮ್ಮ ವಿಮರ್ಶೆಯಲ್ಲಿ ಜೋಳವೂ ಇಲ್ಲ, ಚಿಟ್ಟೆಯೂ ಇಲ್ಲ. 'ಜಪಾನಿಯರು' ಮಾತ್ರ ಪ್ಯಾರಾಕ್ಕೊಮ್ಮೆ ಬರುತ್ತಾರೆ. ಮುಂದಿನ ಸಲ ಅವರನ್ನು ತೆಗೆದು, ಆ ಜಾಗದಲ್ಲಿ ಈ ತಾಯಿ, ಈ ಮಗ, ಈ ಅಡುಗೆಮನೆ ಎಂದು ಬರೆದು ನೋಡಿ.

ಭಾಷೆ ಬರದೆ ಜಪಾನಿ ಸಿನಿಮಾವನ್ನು ಹಚ್ಚಿಕೊಂಡವರಲ್ಲಿ ನೀವು ಮೊದಲಿಗರಲ್ಲ. ನಿರ್ದೇಶಕ ಕುರೊಸಾವಾ ಅವರ 'ರಾಶೋಮಾನ್' 1951ರಲ್ಲಿ ವೆನಿಸ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೆದ್ದಾಗ ಅಲ್ಲಿ ಕೂತು ನೋಡಿದ ಹೆಚ್ಚಿನವರಿಗೆ ಜಪಾನಿ ಬರುತ್ತಿರಲಿಲ್ಲ. ಸತ್ಯಜಿತ್ ರಾಯ್ ಜಪಾನಿ ಚಿತ್ರಗಳ ಬಗ್ಗೆ ಬರೆದದ್ದನ್ನು ಇಂದಿಗೂ ಜನ ಓದುತ್ತಾರೆ. ನಮ್ಮ ಗಿರೀಶ ಕಾರ್ನಾಡರು ಕುರೊಸಾವಾ ಅವರ ಸಮುರಾಯ್ ಚಿತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು 1978ರಲ್ಲಿ 'ಒಂದಾನೊಂದು ಕಾಲದಲ್ಲಿ' ಮಾಡಿದರು. ಸಬ್‌ಟೈಟಲ್ ನಂಬಿ ನೋಡುವವರು ಸಂಭಾಷಣೆಯ ಸೊಗಸಿನ ಬಗ್ಗೆ ತೀರ್ಪು ಕೊಡಬಾರದು ನಿಜ. ಮುಖ, ಮೌನ, ಕ್ಯಾಮೆರಾ ನಿಂತ ಜಾಗ, ದೃಶ್ಯ ಮುಗಿದ ಬಗೆ, ಇವೆಲ್ಲ ನಿಮ್ಮವೇ.

ನಿಮ್ಮವರ ಮಾತಿಗೂ ವಿಮರ್ಶೆಯಲ್ಲೇ ಉತ್ತರ ಕೊಡಬಹುದು. ಯಸುಜಿರೊ ಓಜು ಅವರ 'ಟೋಕಿಯೊ ಸ್ಟೋರಿ' (1953) ನೋಡಿದವರೂ ಏನೂ ನಡೆಯುವುದಿಲ್ಲ ಎನ್ನುತ್ತಾರೆ. ಒನೊಮಿಚಿಯಿಂದ ಬಂದ ಮುದಿ ದಂಪತಿಯನ್ನು ನೋಡಿಕೊಳ್ಳಲು ಮಕ್ಕಳಿಗೆ ಬಿಡುವಿಲ್ಲ. ಅವರನ್ನು ಅತಾಮಿಯ ಬಿಸಿನೀರಿನ ಬುಗ್ಗೆಯ ಊರಿಗೆ ಸಾಗಹಾಕುತ್ತಾರೆ. ತಾಯಿ ಸತ್ತಾಗ, ಅಂತ್ಯಕ್ರಿಯೆ ಮುಗಿದ ಊಟದ ಹೊತ್ತಿನಲ್ಲೇ ಮಗಳು ಅಮ್ಮನ ಬಟ್ಟೆ ತನಗಿರಲಿ ಎಂದು ಕೇಳುತ್ತಾಳೆ. ಇದು ಏನೂ ನಡೆಯದ ಸಿನಿಮಾವೇ? ನೆಲದ ಮೇಲೆ ಕೂತವರ ಕಣ್ಣಿಗಿಂತಲೂ ತುಸು ಕೆಳಗೆ ಓಜು ಕ್ಯಾಮೆರಾ ಇಟ್ಟು ಕಾಯುತ್ತಾರೆ. ಆ ಕಾಯುವಿಕೆಯಲ್ಲಿ ಯಾರು ಎದ್ದುಹೋದರು, ಯಾರು ಕೂತೇ ಉಳಿದರು ಎಂಬುದನ್ನು ಓದುಗರಿಗೆ ಬಿಡಿಸಿ ಹೇಳುವುದೇ ನಿಮ್ಮ ಕೆಲಸ.

ಧಾರಾವಾಹಿಗಳಿಗೆ ಬೇರೆ ಅಳತೆ ಬೇಕು. ನೀವು ಎಲ್ಲಕ್ಕೂ ಒಂದೇ ಅಳತೆ ಹಿಡಿದಿದ್ದೀರಿ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 1961ರಿಂದ ಬೆಳಗಿನ ಹೊತ್ತು ಪ್ರಸಾರ ಮಾಡುತ್ತಿರುವ ಧಾರಾವಾಹಿಗಳ ಕಂತು ಹದಿನೈದೇ ನಿಮಿಷ. ಅದೇ ಸಾಲಿನಲ್ಲಿ 1983ರಲ್ಲಿ ಶುರುವಾದ 'ಓಶಿನ್' 297 ಕಂತು ಓಡಿತು. ಮನೆಗೆಲಸದ ನಡುವೆ ಕಿವಿಗೊಡುವವರಿಗಾಗಿ ನಿರೂಪಕರ ದನಿ ಅಲ್ಲಿ ಕಥೆ ಹೇಳುತ್ತಿರುತ್ತದೆ. ಅದನ್ನು ದೋಷವೆಂದು ಬರೆದದ್ದು ಸರಿಯಲ್ಲ. ಸಂಜೆಯ ಧಾರಾವಾಹಿಗಳು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬದಲಾಗುತ್ತವೆ, ವಾರಕ್ಕೊಂದರಂತೆ ಹತ್ತು ಹನ್ನೊಂದು ಕಂತಿಗೆ ಕಥೆ ಮುಗಿಯುತ್ತದೆ. ವರ್ಷಗಟ್ಟಲೆ ಎಳೆಯುವ ನಮ್ಮ ಧಾರಾವಾಹಿಗಳಿಗೆ ಒಗ್ಗಿದ ಓದುಗರಿಗೆ ಇದನ್ನು ಮೊದಲೇ ತಿಳಿಸಿ. 'ಮಿಡ್‌ನೈಟ್ ಡೈನರ್' ಅಂತೂ ಅರ್ಧ ಗಂಟೆಯೊಳಗಿನ ಕಂತು: ನಡುರಾತ್ರಿ ತೆರೆಯುವ ಪುಟ್ಟ ಹೋಟೆಲು, ಒಂದು ತಿನಿಸು, ಒಬ್ಬ ಗಿರಾಕಿಯ ಕಥೆ. ಸಿನಿಮಾದ ಹರಹು ಅದರಲ್ಲಿಲ್ಲ ಎಂದು ದೂರುವುದು ಅನ್ಯಾಯ.

ಇನ್ನೊಂದು ಮಾತು, ಪ್ರೀತಿಯಿಂದಲೇ ಹೇಳುತ್ತೇನೆ. ಇಂಥ ಸಣ್ಣ ದೂರುಗಳನ್ನು ಬಿಟ್ಟರೆ ನೀವು ಯಾವುದನ್ನೂ ಕೆಟ್ಟದ್ದು ಎಂದಿಲ್ಲ. ಅನೇಕ ಸಂಜೆಯ ಧಾರಾವಾಹಿಗಳು ನಟರ ಮುಖವನ್ನೇ ನಂಬದೆ ಪಿಯಾನೊ ಜೋರು ಮಾಡುತ್ತವೆ, ಹಿಂದಿನ ವಾರದ ದೃಶ್ಯವನ್ನೇ ಮತ್ತೆ ಮತ್ತೆ ತೋರಿಸುತ್ತವೆ. ನಿಮಗೂ ಬೇಸರವಾಗಿರುತ್ತದೆ. ಅದನ್ನು ಬರೆಯದಿದ್ದರೆ, ನೀವು ಹೊಗಳಿದ್ದನ್ನು ಓದುಗರು ಯಾಕೆ ನಂಬಬೇಕು?

ಜಪಾನಿ ಕಲಿಯುವ ಆಸೆಯಿದ್ದರೆ ಖಂಡಿತ ಕಲಿಯಿರಿ, ಬರೆಯುವ ಹಕ್ಕು ಸಿಗಲಿ ಎಂದಲ್ಲ. ಮೈದುನ ಆ ದೇಶದಲ್ಲಿ ಬದುಕಿ ಬಂದವರು, ಅವರಿಗೆ ಗೊತ್ತಿರುವುದು ನಮಗಿಲ್ಲ. ಮನೆಯೊಳಗಿನ ಬೌದ್ಧ ಪೀಠದ ಮುಂದೆ ಸತ್ತವರಿಗೆ ಏನು ಇಡುತ್ತಾರೆ, ಹಿರಿಯರ ಮನೆಗೆ ಬಂದವರು ಎಲ್ಲಿ ಕೂರುತ್ತಾರೆ ಎಂದೆಲ್ಲ ಅವರನ್ನೇ ಕೇಳಿ. ಸಂತೋಷದಿಂದ ಹೇಳಿಯಾರು. ಸಿನಿಮಾ ಹೇಗಿದೆ ಎಂದು ಮಾತ್ರ ಕೇಳಬೇಡಿ, ಅದನ್ನು ಹೇಳಬೇಕಾದವರು ನೀವು.

ಮುಂದಿನ ವಿಮರ್ಶೆಗೆ ಕೊರೆ-ಎಡ ಅವರದೇ 'ಅಸುರ' ಧಾರಾವಾಹಿಯನ್ನು ತೆಗೆದುಕೊಳ್ಳಿ. 2025ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು, ಏಳೇ ಕಂತು. ವಯಸ್ಸಾದ ತಂದೆಗೆ ಇನ್ನೊಬ್ಬಳ ಸಂಬಂಧವಿದೆ ಎಂದು ತಿಳಿದ ನಾಲ್ವರು ಅಕ್ಕತಂಗಿಯರ ಕಥೆ. ಕುನಿಕೊ ಮುಕೋದಾ ಇದನ್ನು ಬರೆದದ್ದು 1979ರ ಎನ್‌ಎಚ್‌ಕೆ ಧಾರಾವಾಹಿಗಾಗಿ. 'ಸ್ಟಿಲ್ ವಾಕಿಂಗ್'ನಲ್ಲಿ ತಾಯಿ ಹಳೆಯ ಹಾಡಿನ ರೆಕಾರ್ಡ್ ಹಾಕಿಸಿ ಗಂಡನ ಗುಟ್ಟನ್ನು ಹೊರಗೆಡಹುವ ದೃಶ್ಯ ನೋಡಿದ ನಿಮಗೆ ಇಲ್ಲಿ ಹೇಳಲು ಬಹಳ ಇರುತ್ತದೆ. ಬರೆದು ಪತ್ರಿಕೆಗೆ ಕಳಿಸಿ. ಅಚ್ಚಾದ ಮೇಲೆ ನನಗೂ ಒಂದು ಪ್ರತಿ ಕಳಿಸಿ.