ಹಾಲಿನ ಕ್ಯಾನು ನಿಜವಾಗಿ ತೊಳೆದಿದೆಯೇ?

ಮಳೆ ಕೈಕೊಟ್ಟ ವರ್ಷ ನಮ್ಮಂಥ ಬೆದ್ದಲು ರೈತರ ಸಂಸಾರ ನಡೆಯೋದೇ ಹಸುವಿನ ಮೇಲೆ. ಆ ಹಾಲು ಒಡೆದು ವಾಪಸು ಬಂದರೆ ಬಟವಾಡೆಗೇ ಪೆಟ್ಟು. ಆಗ ನಾವು ಮೇವನ್ನು ಬೈತೇವೆ, ಹಸುವನ್ನು ಬೈತೇವೆ. ಕ್ಯಾನಿನ ಒಳಗೋಡೆ ಮಾತ್ರ ಯಾರ ಕಣ್ಣಿಗೂ ಬೀಳೋದಿಲ್ಲ.

ಲ್ಯಾಕ್ಟೋಮೀಟರು ನೀರು ಬೆರೆತದ್ದನ್ನು ಹೇಳೀತು, ಸೂಕ್ಷ್ಮಜೀವಿಗಳ ಲೆಕ್ಕ ಹೇಳದು. ಅದಕ್ಕೆ ಮೆಥಿಲೀನ್ ಬ್ಲೂ ಪರೀಕ್ಷೆ ಇದೆ. 10 ಮಿ.ಲೀ. ಹಸಿ ಹಾಲಿಗೆ 1 ಮಿ.ಲೀ. ನೀಲಿ ದ್ರಾವಣ ಸೇರಿಸಿ, ನಳಿಕೆಗೆ ಬಿರಡೆ ಹಾಕಿ, 37 ಡಿಗ್ರಿ ಸೆಲ್ಸಿಯಸ್ ಬಿಸಿನೀರಲ್ಲಿ ಇಡುತ್ತಾರೆ. ಹಾಲಲ್ಲಿ ಕರಗಿರುವ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಮುಗಿಸಿದಾಗ ನೀಲಿ ಹೋಗಿ ಹಾಲು ಬೆಳ್ಳಗಾಗುತ್ತದೆ. ನೀಲಿ 5 ಗಂಟೆ ನಿಂತರೆ ಹಾಲು ಬಹಳ ಒಳ್ಳೆಯದು. 3-4 ಗಂಟೆ ಒಳ್ಳೆಯದು, 1-2 ಗಂಟೆ ಸಾಧಾರಣ. ಅರ್ಧ ಗಂಟೆಯಲ್ಲೇ ಹೋದರೆ ಕಳಪೆ.

ತಪ್ಪು ಹಸುವಿನದೋ ಕ್ಯಾನಿನದೋ? ಒಂದೇ ಹಸುವಿನ ಹಾಲನ್ನು ಎರಡು ಪಾಲು ಮಾಡಿ. ಒಂದು ಪಾಲು ಕುದಿಯುವ ನೀರು ಹಾಕಿ ತೊಳೆದ ಪಾತ್ರೆಗೆ, ಇನ್ನೊಂದು ದಿನಾ ಬಳಸುವ ಕ್ಯಾನಿಗೆ. ಎರಡನ್ನೂ ಒಟ್ಟಿಗೇ ಪರೀಕ್ಷೆಗೆ ಕೊಡಿ. ಕ್ಯಾನಿನದು ಮಾತ್ರ ಬೇಗ ಬೆಳ್ಳಗಾದರೆ ಕ್ಯಾನೇ ಕಳ್ಳ. ಎರಡೂ ಬೇಗ ಬೆಳ್ಳಗಾದರೆ ಕೆಚ್ಚಲು, ಕರೆಯುವ ಕೈ, ತಂಬಿಗೆ ನೋಡಬೇಕು. ಕೆಚ್ಚಲು ಬಾವು ಇದ್ದರೂ ಹೀಗಾಗುತ್ತದೆ.

ದೊಡ್ಡ ಡೇರಿ, ಆಹಾರ ಕಾರ್ಖಾನೆಗಳಲ್ಲಿ ಇಷ್ಟು ಕಾಯೋದಿಲ್ಲ. ತೊಳೆದ ಜಾಗದಲ್ಲಿ 10 ಸೆಂ.ಮೀ. ಉದ್ದ, ಅಷ್ಟೇ ಅಗಲ ಹತ್ತಿಕಡ್ಡಿಯಿಂದ ಉಜ್ಜುತ್ತಾರೆ. ಜೀವ ಇರುವ ಎಲ್ಲದರಲ್ಲೂ ಎ.ಟಿ.ಪಿ. ಅನ್ನೋ ವಸ್ತು ಇದೆ. ಮಿಂಚುಹುಳು ಬೆಳಗೋದಕ್ಕೆ ಕಾರಣವಾದ ಕಿಣ್ವ ಅದಕ್ಕೆ ತಗುಲಿದರೆ ಬೆಳಕು ಬರುತ್ತದೆ, ಯಂತ್ರ ನಿಮಿಷದೊಳಗೆ ಅಂಕಿ ಕೊಡುತ್ತದೆ. ಆದರೆ ಉಳಿದ ಹಾಲಿನ ಜಿಡ್ಡಿಗೂ ಅದು ಬೆಳಗುತ್ತದೆ. ಹಾಗಾಗಿ ಆ ಅಂಕಿ ಕೊಳೆಯ ಲೆಕ್ಕವೇ ಹೊರತು ರೋಗಾಣುವಿನ ಲೆಕ್ಕವಲ್ಲ. ಒಂದು ಕಂಪನಿ ಯಂತ್ರದ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಲೂ ಬಾರದು. ಜೀವಂತ ಸೂಕ್ಷ್ಮಜೀವಿ ಎಣಿಸಬೇಕಾದರೆ ಗಾಜಿನ ತಟ್ಟೆಯಲ್ಲಿ ಬೆಳೆಸಿ ಎರಡು ದಿನ ಕಾಯಲೇಬೇಕು.

ನಮಗೆ ಕಾಸಿಲ್ಲದ ಪರೀಕ್ಷೆಯೂ ಒಂದುಂಟು. ತೊಳೆದ ಸ್ಟೀಲು ಕ್ಯಾನಿಗೆ ನೀರು ಸುರಿದು ಬಗ್ಗಿಸಿ. ನೀರು ತೆಳು ಪರದೆಯಂತೆ ಜಾರಿದರೆ ಜಿಡ್ಡು ಹೋಗಿದೆ. ಕೆಸುವಿನೆಲೆ ಮೇಲಿನ ಹಾಗೆ ಹನಿಹನಿ ನಿಂತರೆ ಹೋಗಿಲ್ಲ, ಮತ್ತೆ ಉಜ್ಜಿ.

ತೊಳೆಯುವಾಗ ಮೊದಲೇ ಕುದಿನೀರು ಹಾಕಬೇಡಿ, ಹಾಲಿನಂಶ ಬೆಂದು ಗೋಡೆಗೆ ಅಂಟುತ್ತದೆ. ಮೊದಲು ತಣ್ಣೀರು, ಆಮೇಲೆ ಬಿಸಿನೀರು, ವಾಷಿಂಗ್ ಸೋಡ, ಬ್ರಷ್ಷು. ಅಲ್ಯೂಮಿನಿಯಂ ಕ್ಯಾನಿಗೆ ಸೋಡ ಬೇಡ, ಲೋಹ ತಿನ್ನುತ್ತದೆ. ಕೊನೆಗೆ ಕುದಿನೀರು. ಮುಚ್ಚಳದ ರಬ್ಬರನ್ನು ಬಿಚ್ಚಿ ಅದರ ಸಂದನ್ನೂ ಉಜ್ಜಿ. ಕ್ಯಾನನ್ನು ಬೋರಲು ಹಾಕಿ, ನೆಲಕ್ಕಲ್ಲ, ಗಾಳಿಯಾಡುವ ಹಾಗೆ ಅಟ್ಟಣೆ ಮೇಲೆ.