ಒಂದು ಯಂತ್ರ, ಎರಡು ನೆಟ್‌ವರ್ಕ್ ಕಾರ್ಡ್
ವಿಜ್ಞಾನ ಪ್ರದರ್ಶನಕ್ಕೆ ಪುಟ್ಟ ರೂಟರ್ ಮಾಡಬೇಕಿತ್ತು. ಬೋರ್ಡ್ ಕೊಳ್ಳಲು ದುಡ್ಡಿರಲಿಲ್ಲ. ಅಣ್ಣನ ಲ್ಯಾಪ್‌ಟಾಪ್‌ನಲ್ಲಿ ಕ್ಯೂಎಮು ಎಂಬ ಉಚಿತ ತಂತ್ರಾಂಶ ಹಾಕಿ, ಅದರೊಳಗಿನ ನಕಲಿ ಎಆರ್‌ಎಂ ಯಂತ್ರದಲ್ಲಿ ಲಿನಕ್ಸ್ ಓಡಿಸಿದೆ. ‘ನಿಕ್ ಯೂಸರ್’ ಆಯ್ಕೆಯನ್ನು ಎರಡು ಸಲ ಬರೆದರೆ ಎರಡು ಕಾರ್ಡ್ ಬರುತ್ತವೆ. ಬಂದವು. ಆದರೆ ಎರಡಕ್ಕೂ 10.0.2.15 ಎಂಬ ಒಂದೇ ವಿಳಾಸ! ದೊಡ್ಡಬಳ್ಳಾಪುರದಲ್ಲಿ ಎರಡು ಬೀದಿಗೆ ಒಂದೇ ಹೆಸರು, ಎರಡು ಮನೆಗೆ ಒಂದೇ ನಂಬರ್ ಇದ್ದರೆ ಅಂಚೆಯಣ್ಣ ಎಲ್ಲಿಗೆ ಹೋಗಬೇಕು? ಎರಡು ರಾತ್ರಿ ಕೇಬಲ್ಲೇ ಇಲ್ಲದ ಕಡೆ ತಪ್ಪು ಹುಡುಕಿದೆ.

ಕ್ಯೂಎಮು ಪ್ರತಿ ಕಾರ್ಡಿಗೂ ಬೇರೆ ಜಾಲವನ್ನೇ ಕಟ್ಟುತ್ತದೆ. ನಾವು ಹೇಳದಿದ್ದರೆ ಎಲ್ಲಕ್ಕೂ 10.0.2.0 ಎಂದೇ ಇಡುತ್ತದೆ. ಎರಡನೆಯದಕ್ಕೆ ‘ನೆಟ್’ ಎಂದು 192.168.76.0/24 ಕೊಟ್ಟೆ. ಲಿನಕ್ಸ್‌ನಲ್ಲಿ ಆ ಕಾರ್ಡನ್ನೂ ಎಬ್ಬಿಸಿ ವಿಳಾಸ ಕೇಳಿಸಿದೆ, ಡೀಫಾಲ್ಟ್ ದಾರಿಯನ್ನು ಮೊದಲನೆಯದಕ್ಕೇ ಬಿಟ್ಟೆ. ಆಮೇಲೆ 10.0.2.2 ಮತ್ತು 192.168.76.2 ಎರಡೂ ಪಿಂಗ್‌ಗೆ ಓಗೊಟ್ಟವು.