ಗೋಲು ಒಂದು, ಲೆಕ್ಕ ಎರಡು

ಪ್ರಶ್ನೆ: ರಿಯಲ್ ಮ್ಯಾಡ್ರಿಡ್–ಬಾರ್ಸಿಲೋನಾ ಪಂದ್ಯದ ಮಾರನೇ ದಿನ ಸ್ಪೇನಿನ ಪತ್ರಿಕೆಗಳನ್ನು ಫೋನಿನಲ್ಲೇ ಅನುವಾದ ಮಾಡಿಸಿಕೊಂಡು ಓದುತ್ತೇನೆ. ಒಂದರ ಪ್ರಕಾರ ಪೆನಾಲ್ಟಿ ನ್ಯಾಯವಾದದ್ದು, ಇನ್ನೊಂದರ ಪ್ರಕಾರ ಅದು ಹಗಲುದರೋಡೆ. ಯಾರನ್ನು ನಂಬಲಿ ಸರ್?
— ಫುಟ್‌ಬಾಲ್ ಅಭಿಮಾನಿ, ಬೆಂಗಳೂರು

ಉತ್ತರ: ಎರಡನ್ನೂ ಓದಿ. ಆದರೆ ಸುದ್ದಿಗಿಂತ ಮೊದಲು ಪತ್ರಿಕೆ ಯಾವ ಊರಿನದು ಎಂದು ನೋಡಿಕೊಳ್ಳಿ. 'ಮಾರ್ಕಾ' ಮತ್ತು 'ಆಸ್' ಮ್ಯಾಡ್ರಿಡ್‌ನವು. 'ಮುಂದೊ ದೆಪೊರ್ತಿವೊ' ಮತ್ತು 'ಸ್ಪೋರ್ಟ್' ಬಾರ್ಸಿಲೋನಾದವು. ತಮ್ಮೂರಿನ ಕ್ಲಬ್ಬಿನ ಕಡೆ ವಾಲುವುದನ್ನು ಇವು ಮುಚ್ಚಿಡುವುದೂ ಇಲ್ಲ, ಅಲ್ಲಿನ ಓದುಗರು ಅದನ್ನು ತಪ್ಪೆಂದು ಭಾವಿಸುವುದೂ ಇಲ್ಲ. ಬಾರ್ಸಾ ಅಭಿಮಾನಿಗೆ ಬೆಳಿಗ್ಗೆ ಬೇಕಾದದ್ದು ತೀರ್ಪಲ್ಲ, ತನ್ನ ಸಿಟ್ಟಿಗೊಂದು ಜೊತೆ.

ಈ ಪರಂಪರೆ ಹಳೆಯದು. 'ಮುಂದೊ ದೆಪೊರ್ತಿವೊ' ಶುರುವಾದದ್ದು 1906ರಲ್ಲಿ, ವಾರಪತ್ರಿಕೆಯಾಗಿ. 'ಮಾರ್ಕಾ' ಹುಟ್ಟಿದ್ದು 1938ರಲ್ಲಿ, ಅಂತರ್ಯುದ್ಧ ಇನ್ನೂ ನಡೆಯುತ್ತಿದ್ದಾಗ, ಫ್ರಾಂಕೊ ಪಡೆಯ ಹಿಡಿತದಲ್ಲಿದ್ದ ಸಾನ್ ಸೆಬಾಸ್ತಿಯಾನ್ ಊರಿನಲ್ಲಿ. ಅದು ದಿನಪತ್ರಿಕೆಯಾದದ್ದು 1942ರಲ್ಲಿ, ಮ್ಯಾಡ್ರಿಡ್‌ಗೆ ಬಂದ ಮೇಲೆ. ಆಮೇಲಿನ ಮೂರು ದಶಕ, ಫ್ರಾಂಕೊನ ಸರ್ವಾಧಿಕಾರದಲ್ಲಿ, ರಾಜಕೀಯದ ಬಗ್ಗೆ ಬಾಯಿ ಬಿಡುವಂತಿರಲಿಲ್ಲ. ಆಟದ ಬಗ್ಗೆ ಮಾತ್ರ ಜಗಳವಾಡಬಹುದಿತ್ತು. ಕ್ರೀಡಾ ಪತ್ರಿಕೆಗಳು ಅಲ್ಲಿ ಅಷ್ಟು ಬೆಳೆದದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಲೆಕ್ಕ.

ಇನ್ನೊಂದು ತಮಾಷೆ ಕೇಳಿ. ಭಾನುವಾರದ ರಜೆಯ ಕಾನೂನಿನಿಂದಾಗಿ ಸ್ಪೇನಿನಲ್ಲಿ ಬಹುಕಾಲ ಸೋಮವಾರ ಬೆಳಿಗ್ಗೆ ಮಾಮೂಲಿ ಪತ್ರಿಕೆಗಳೇ ಬರುತ್ತಿರಲಿಲ್ಲ. ಪತ್ರಕರ್ತರ ಸಂಘಗಳು ಹೊರತರುತ್ತಿದ್ದ 'ಓಹಾ ದೆಲ್ ಲೂನೆಸ್', ಅಂದರೆ ಸೋಮವಾರದ ಹಾಳೆ, ಆ ಜಾಗ ತುಂಬುತ್ತಿತ್ತು. ಪಂದ್ಯಗಳೆಲ್ಲ ಭಾನುವಾರವೇ ನಡೆಯುತ್ತಿದ್ದ ಕಾಲ. ಆ ಹಾಳೆಗೆ ಜನ ಕಾಯದೆ ಇರುತ್ತಾರೆಯೇ? 1980ರ ದಶಕದಲ್ಲಿ ಅದರ ಏಕಸ್ವಾಮ್ಯ ಹೋಯಿತು.

ಇಂದಿಗೂ ಅಲ್ಲಿನ ಬಾರ್‌ಗಳಲ್ಲಿ ಕಾಫಿ ಕುಡಿಯುವವರ ಮುಂದೆ ಕಟ್ಟೆಯ ಮೇಲೆ ಕ್ರೀಡಾ ಪತ್ರಿಕೆ ಬಿದ್ದಿರುತ್ತದೆ. ಒಂದೇ ಪ್ರತಿ ಹತ್ತಾರು ಕೈ ದಾಟುತ್ತದೆ, ನಮ್ಮ ಹೋಟೆಲುಗಳಲ್ಲಿ ಹಾಳೆ ಹಾಳೆ ಬಿಡಿಸಿ ಹಂಚಿಕೊಂಡು ಓದುವ ಹಾಗೆ. ಆದ್ದರಿಂದಲೇ ಮಾರಾಟ ಕುಸಿದರೂ ಓದುಗರ ಸಮೀಕ್ಷೆಯಲ್ಲಿ 'ಮಾರ್ಕಾ' ವರ್ಷಗಟ್ಟಲೆ ಎಲ್ಲ ದಿನಪತ್ರಿಕೆಗಳನ್ನೂ ಹಿಂದೆ ಹಾಕಿದೆ.

ಪ್ರಶ್ನೆ: 2010–11ರ ಲಾ ಲೀಗಾದಲ್ಲಿ ರೊನಾಲ್ಡೊ ಹೊಡೆದ ಗೋಲು 40 ಎಂದು ಕ್ವಿಜ್‌ನಲ್ಲಿ ಬರೆದೆ. 41 ಎಂದು ಹೇಳಿ ಅಂಕ ಕಿತ್ತುಕೊಂಡರು. ನನ್ನದು ತಪ್ಪೇ?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ತಪ್ಪಲ್ಲಮ್ಮ. ಅಂಕ ವಾಪಸ್ ಕೇಳು. 2010ರ ಸೆಪ್ಟೆಂಬರ್‌ನಲ್ಲಿ ರಿಯಲ್ ಸೊಸಿಯೆದಾದ್ ಎದುರು ರೊನಾಲ್ಡೊ ಒದ್ದ ಫ್ರೀ ಕಿಕ್, ತನ್ನದೇ ತಂಡದ ಪೆಪೆಯ ಮೈಗೆ ತಗುಲಿ ದಿಕ್ಕು ಬದಲಿಸಿ ಬಲೆ ಸೇರಿತು. ಲೀಗ್ ಆ ಗೋಲನ್ನು ಪೆಪೆಯ ಹೆಸರಿಗೆ ಬರೆಯಿತು, 'ಮಾರ್ಕಾ' ರೊನಾಲ್ಡೊ ಹೆಸರಿಗೆ ಬರೆಯಿತು. ಹೀಗಾಗಿ ಅಧಿಕೃತ ಲೆಕ್ಕ 40, ಪತ್ರಿಕೆಯ ಲೆಕ್ಕ 41.

ಪತ್ರಿಕೆಯ ಲೆಕ್ಕಕ್ಕೆ ಏನು ಬೆಲೆ ಎನ್ನುತ್ತೀಯಾ? ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಸಲ್ಲುವ 'ಪಿಚಿಚಿ' ಪ್ರಶಸ್ತಿ ಕೊಡುವುದೇ 'ಮಾರ್ಕಾ'. ಅಥ್ಲೆಟಿಕ್ ಬಿಲ್ಬಾವೊ ಕ್ಲಬ್ಬಿನ ಹಳೆಯ ಆಟಗಾರ ರಾಫಾಯೆಲ್ ಮೊರೆನೊನ ಅಡ್ಡಹೆಸರು ಅದು. ಪಂದ್ಯಕ್ಕೆ ಸರಾಸರಿ ಅತಿ ಕಡಿಮೆ ಗೋಲು ಬಿಟ್ಟುಕೊಟ್ಟ ಗೋಲ್‌ಕೀಪರ್‌ಗೆ 'ಸಮೋರಾ' ಪ್ರಶಸ್ತಿ ಕೊಡುವುದೂ ಅದೇ ಪತ್ರಿಕೆ. ಮ್ಯಾಡ್ರಿಡ್ ಪತ್ರಿಕೆಯೊಂದು ಮ್ಯಾಡ್ರಿಡ್ ಆಟಗಾರನಿಗೆ ಒಂದು ಗೋಲು ಹೆಚ್ಚು ಕೊಟ್ಟಿತೆಂದು ಬಾರ್ಸಿಲೋನಾದವರು ನಕ್ಕರೆ ಆಶ್ಚರ್ಯವಿಲ್ಲ. ಆ ಸಲ ಮೆಸ್ಸಿ ಹೊಡೆದದ್ದು 31. ಪ್ರಶಸ್ತಿ ಹೇಗಿದ್ದರೂ ರೊನಾಲ್ಡೊಗೇ ಹೋಗುತ್ತಿತ್ತು. ಅಷ್ಟಾದರೂ ಪತ್ರಿಕೆ ಹಟ ಬಿಡಲಿಲ್ಲ.

ಪ್ರಶ್ನೆ: ಕಿರುಚಾಡುವ ಸ್ಪ್ಯಾನಿಷ್ ಟಿ.ವಿ. ಚರ್ಚೆಗಳ ತುಣುಕುಗಳನ್ನು ಮಗ ತೋರಿಸುತ್ತಾನೆ. ಇದೂ ಪತ್ರಿಕೋದ್ಯಮವೇ?
— ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ನಿಮ್ಮ ಮಗ ತೋರಿಸಿದ್ದು ಬಹುಶಃ ಜೋಸೆಪ್ ಪೆದ್ರೆರೋಲ್ ನಡೆಸುವ 'ಎಲ್ ಚಿರಿಂಗೀತೊ' ಇರಬೇಕು. ನಡುರಾತ್ರಿಯ ಜಗಳ ಸ್ಪೇನಿಗೆ ಹೊಸದಲ್ಲ; ಟಿ.ವಿ.ಗಿಂತ ಮೊದಲೇ ರೇಡಿಯೊ ಅದನ್ನು ಕಲಿಸಿತ್ತು. 1989ರಲ್ಲಿ ಸೆರ್ ರೇಡಿಯೊದಲ್ಲಿ 'ಎಲ್ ಲಾರ್ಗೆರೊ' ಶುರುವಾದ ಮೇಲೆ ಅದರ ನಿರೂಪಕ ಹೊಸೆ ರಾಮೋನ್ ದೆ ಲಾ ಮೊರೇನಾ ಮತ್ತು ಎದುರಾಳಿ ಹೊಸೆ ಮರಿಯಾ ಗಾರ್ಸಿಯಾ ನಡುವಿನ ವೈರ ಪಂದ್ಯಗಳಷ್ಟೇ ಜನಪ್ರಿಯವಾಯಿತು.

ಪತ್ರಿಕೋದ್ಯಮ ಎನ್ನಲು ನನಗೂ ನಾಲಿಗೆ ತಡವರಿಸುತ್ತದೆ. ಆದರೆ 2021ರ ಏಪ್ರಿಲ್‌ನಲ್ಲಿ ಯುರೋಪಿನ ದೊಡ್ಡ ಕ್ಲಬ್ಬುಗಳು ತಮ್ಮದೇ ಆದ ಸೂಪರ್ ಲೀಗ್ ಟೂರ್ನಿ ಘೋಷಿಸಿದ ಮರುರಾತ್ರಿ ರಿಯಲ್ ಮ್ಯಾಡ್ರಿಡ್ ಅಧ್ಯಕ್ಷ ಫ್ಲೊರೆಂತಿನೊ ಪೆರೆಸ್ ತಮ್ಮ ವಾದ ಮಂಡಿಸಲು ಹೋಗಿ ಕೂತದ್ದು ಇದೇ 'ಎಲ್ ಚಿರಿಂಗೀತೊ' ಕಾರ್ಯಕ್ರಮದಲ್ಲಿ. ಮರುದಿನವೇ ಇಂಗ್ಲಿಷ್ ಕ್ಲಬ್ಬುಗಳು ಆರಕ್ಕೆ ಆರೂ ಕಾಲ್ತೆಗೆದವು, ಅದು ಬೇರೆ ಮಾತು.

ಪ್ರಶ್ನೆ: ಮರಡೋನಾ ಮುಖಪುಟದ 'ಎಲ್ ಗ್ರಾಫಿಕೊ' ಸಂಚಿಕೆಗಳನ್ನು ಕೂಡಿಡುತ್ತಿದ್ದೇನೆ. ಪತ್ರಿಕೆ ಈಗಲೂ ಬರುತ್ತಿದೆಯೇ?
— ಸಂಗ್ರಾಹಕರು, ಮಂಗಳೂರು

ಉತ್ತರ: ಅಚ್ಚಿನಲ್ಲಿ ಇಲ್ಲ. 1919ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿದ ಈ ವಾರಪತ್ರಿಕೆ 2002ರಲ್ಲಿ ಮಾಸಿಕವಾಯಿತು, 2018ರ ಜನವರಿಯಲ್ಲಿ ಮುದ್ರಣ ನಿಲ್ಲಿಸಿತು. ಅರ್ಜೆಂಟೀನಾದ ಕ್ರೀಡಾ ದಿನಪತ್ರಿಕೆ ಬೇಕಿದ್ದರೆ 1996ರಿಂದ 'ಒಲೆ' ಇದೆ. ಹಳೆಯ ಸಂಚಿಕೆ ಕೊಳ್ಳುವಾಗ ನಡುಪುಟದ ಚಿತ್ರ ಇದೆಯೇ ನೋಡಿ ದುಡ್ಡು ಕೊಡಿ. ಅಭಿಮಾನಿಗಳು ಅದನ್ನೇ ಮೊದಲು ಕಿತ್ತು ಗೋಡೆಗೆ ಅಂಟಿಸುವುದು.